ಪ್ರೊಟೆಕ್ಷನ್ ಆರ್ಡರ್ ಮುರಿದ ಆರೋಪಕ್ಕೆ ವಕೀಲರ ಸೇವೆ: ನಾವು ಕಂಡಿದ್ದು, ಕೊಟ್ಟಿದ್ದು, ಕಲಿತಿದ್ದು

ಐದಕ್ಕೆ ನಾಲ್ಕು ಸ್ಟಾರ್. ಒಂದು ಯಾಕೆ ಕಡಿಮೆ ಅಂತ ಕೆಳಗೆ ಬರೆದಿದ್ದೇನೆ.

ವಕೀಲರ ಹೆಸರು, ಊರು, ಕೋರ್ಟು ಯಾವುದನ್ನೂ ಇಲ್ಲಿ ಹಾಕುವುದಿಲ್ಲ. ಕೇಸ್ ಇನ್ನೂ ನಡೆಯುತ್ತಿದೆ. ಆರೋಪ ಇರುವುದು ನನ್ನ ತಮ್ಮನ ಮೇಲೆ, ಎದುರು ಕಡೆ ಇರುವವಳು ಅವನ ಹೆಂಡತಿ, ನಡುವೆ ಒಂದು ಪುಟ್ಟ ಮಗು. ಅವಳ ಗುರುತು ಯಾರಿಗೂ ಸಿಗಬಾರದು. ವಕೀಲರು ಜಾಹೀರಾತು ಕೊಟ್ಟುಕೊಳ್ಳಬಾರದು ಅಂತ ಬಾರ್ ಕೌನ್ಸಿಲ್ ನಿಯಮವೂ ಇದೆ, ಹಾಗಾಗಿ ನಮ್ಮ ವಕೀಲೆ ಮೇಡಂ ಕೂಡ ಹೆಸರು ಬೇಡ ಅಂದರು. ಹಾಗಿದ್ದರೆ ಈ ರಿವ್ಯೂ ಯಾಕೆ ಅಂದರೆ, ಇಂಥ ಕೇಸಿಗೆ ವಕೀಲರನ್ನು ಹುಡುಕುವಾಗ ಮನೆಯವರ ತಲೆ ಕೆಟ್ಟಿರುತ್ತದೆ, ಯಾರು ಜೋರಾಗಿ ಮಾತಾಡುತ್ತಾರೋ ಅವರನ್ನೇ ನಂಬಿಬಿಡುತ್ತೇವೆ. ಒಳ್ಳೆ ವಕೀಲರು ಏನು ಕೇಳುತ್ತಾರೆ, ಏನು ಮಾಡುತ್ತಾರೆ, ಯಾವ ಮಾತು ಕೇಳಿದರೆ ಎದ್ದು ಬರಬೇಕು ಅನ್ನುವುದು ನಿಮಗೆ ಮೊದಲೇ ಗೊತ್ತಿರಲಿ.

ವಿಷಯ ಇಷ್ಟು. ಕೌಟುಂಬಿಕ ಹಿಂಸೆ ತಡೆಯೋ 2005ರ ಕಾಯ್ದೆ, ಎಲ್ಲರೂ ಡಿವಿ ಆಕ್ಟ್ ಅನ್ನುತ್ತಾರಲ್ಲ, ಅದರ ಕೆಳಗೆ ತಮ್ಮನ ಹೆಂಡತಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಿದ್ದಳು. ಕೋರ್ಟು ಮಧ್ಯಂತರ ರಕ್ಷಣಾ ಆದೇಶ ಕೊಟ್ಟಿತು, ಅಂದರೆ ಅಂತಿಮ ತೀರ್ಪಿಗೆ ಮುಂಚಿನ ಪ್ರೊಟೆಕ್ಷನ್ ಆರ್ಡರ್. ಅವಳಿಗೆ ಫೋನ್ ಮಾಡಬಾರದು, ಮೆಸೇಜ್ ಹಾಕಬಾರದು, ಬೇರೆಯವರ ಮೂಲಕ ಹೇಳಿ ಕಳಿಸಬಾರದು, ಅವಳು ಕೆಲಸ ಮಾಡುವ ಜಾಗಕ್ಕೆ ಹೋಗಬಾರದು. ತಿಂಗಳಿಗೆ ಇಷ್ಟು ಅಂತ ಜೀವನಾಂಶವನ್ನೂ ಹಾಕಿತು. ಆಮೇಲೆ ಅವಳು ಇನ್ನೊಂದು ದೂರು ಕೊಟ್ಟಳು: ವಾಟ್ಸಾಪ್‌ನಲ್ಲಿ ಎರಡು ಸಲ ಮೆಸೇಜ್ ಹಾಕಿದ್ದಾನೆ, ಒಂದು ಸಂಜೆ ಆಫೀಸ್ ಗೇಟಿನ ಹತ್ತಿರ ಬಂದು ಕೂಗಾಡಿದ್ದಾನೆ, ಜೀವನಾಂಶವನ್ನೂ ಕಟ್ಟಿಲ್ಲ. ಹೀಗೆ ಆದೇಶ ಮುರಿದ ಆರೋಪಕ್ಕೆ ಇರುವುದು ಅದೇ ಕಾಯ್ದೆಯ ಸೆಕ್ಷನ್ 31.

ಸೆಕ್ಷನ್ 31 ಸಣ್ಣದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಒಂದು ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮುಂದಿನ ಸೆಕ್ಷನ್ 32 ಅದಕ್ಕಿಂತ ಮುಖ್ಯ. ವಾರಂಟ್ ಇಲ್ಲದೆ ಪೊಲೀಸರು ಹಿಡಿಯಬಹುದಾದ ಅಪರಾಧ ಇದು, ಜಾಮೀನು ಹಕ್ಕಾಗಿ ಸಿಗುವುದಿಲ್ಲ, ಕೋರ್ಟು ಕೊಟ್ಟರೆ ಉಂಟು. ಜೊತೆಗೆ ನೊಂದ ಹೆಂಗಸಿನ ಒಬ್ಬಳದೇ ಸಾಕ್ಷಿ ನಂಬಿ ಕೋರ್ಟು ಅಪರಾಧ ಆಗಿದೆ ಅಂತ ತೀರ್ಮಾನಿಸಬಹುದು. ಹಾಗಾಗಿ "ಯಾರೂ ನೋಡಿಲ್ಲ ಬಿಡಿ, ಸಾಕ್ಷಿ ಇಲ್ಲ" ಅನ್ನುವ ಧೈರ್ಯ ಇಲ್ಲಿ ನಡೆಯುವುದಿಲ್ಲ.

ಮೇಡಂ ಹತ್ತಿರ ಹೋಗುವ ಮುಂಚೆ ಎರಡು ಕಡೆ ದುಡ್ಡು ಕೊಟ್ಟು ಬಂದೆವು.

ಮೊದಲನೆಯದು ಆನ್‌ಲೈನ್. ಮೊದಲು ದುಡ್ಡು ಕಟ್ಟಿ, ಆಮೇಲೆ ಅರ್ಧ ಗಂಟೆ ವಕೀಲರ ಜೊತೆ ಫೋನ್‌ನಲ್ಲಿ ಮಾತು. ಮಾತಾಡಿದವರು ಆದೇಶದ ಕಾಪಿ ಕೇಳಲೇ ಇಲ್ಲ. "ಅವಳೇ ಮೊದಲು ಮೆಸೇಜ್ ಮಾಡಿದ್ದಾಳಾ? ಹಾಗಾದರೆ ಏನೂ ಆಗಲ್ಲ" ಅಂದರು. ಉಳಿದ ಹೊತ್ತೆಲ್ಲ ಅವಳ ಮೇಲೆ ಯಾವ ಯಾವ ಕೇಸ್ ಹಾಕಬಹುದು ಅಂತ ಹೇಳುವುದರಲ್ಲೇ ಮುಗಿಯಿತು. ಎರಡನೆಯದು ನೆಂಟರೊಬ್ಬರು ಹೇಳಿದ ಆಫೀಸು. ಅಲ್ಲಿ ಸ್ಟೇಷನ್‌ನಲ್ಲಿ ಮಾತಾಡಿ ಮುಗಿಸುತ್ತೇವೆ, ಮೊದಲು ಇಷ್ಟು ತನ್ನಿ ಅಂದರು. ಕೋರ್ಟು ಕೊಟ್ಟ ಆದೇಶ ಮುರಿದ ಆರೋಪವನ್ನು ಸ್ಟೇಷನ್‌ನಲ್ಲಿ ಹೇಗೆ ಮುಗಿಸುತ್ತಾರೆ ಅಂತ ಕೇಳಿದ್ದಕ್ಕೆ ಸರಿಯಾದ ಉತ್ತರ ಬರಲಿಲ್ಲ. ಎರಡಕ್ಕೂ ಒಂದೊಂದು ಸ್ಟಾರ್ ಕೊಡುವುದೂ ಜಾಸ್ತಿ.

ಆಮೇಲೆ ಸಿಕ್ಕಿದವರು ಈ ಮೇಡಂ. ಕೋರ್ಟಿನ ಹತ್ತಿರವೇ ಸಣ್ಣ ಆಫೀಸು, ಇಬ್ಬರು ಜೂನಿಯರ್‌ಗಳು. ಮೊದಲ ಭೇಟಿಗೆ 1,000 ರೂಪಾಯಿ. ಕೂತ ಕೂಡಲೇ ಕೇಳಿದ್ದು ಆದೇಶದ ಕಾಪಿ. ನನ್ನ ತಮ್ಮ ನಡೆದದ್ದನ್ನು ಹೇಳಲು ಶುರು ಮಾಡಿದ. "ಆಮೇಲೆ ಹೇಳಿ" ಅಂದವರೇ ಪೆನ್ಸಿಲ್ ತಗೊಂಡು ಆದೇಶದ ಒಂದೊಂದು ಸಾಲಿಗೂ ಗೆರೆ ಹಾಕುತ್ತಾ ಓದಿದರು. ಎಲ್ಲಿ "ಸಂಪರ್ಕ" ಅಂತ ಇದೆ, ಎಲ್ಲಿ "ಪ್ರವೇಶ" ಅಂತ ಇದೆ, ಯಾವ ತಾರೀಖಿನ ಆದೇಶ, ಎಲ್ಲಿಯವರೆಗೆ ಜಾರಿಯಲ್ಲಿರುತ್ತದೆ, ಮಗುವನ್ನು ನೋಡುವ ಬಗ್ಗೆ ಏನಾದರೂ ಇದೆಯಾ. ಪಕ್ಕದಲ್ಲಿ ದೂರಿನ ಕಾಪಿ ಇಟ್ಟುಕೊಂಡು ಎರಡನ್ನೂ ತಾಳೆ ನೋಡಿದರು. ಆದೇಶದಲ್ಲಿ ಬೇಡ ಅಂದಿರುವುದನ್ನೇ ಮಾಡಿದ್ದಾನೆ ಅಂತ ದೂರಿನಲ್ಲಿ ಇರಬೇಕು, ಆಗ ಮಾತ್ರ ಉಲ್ಲಂಘನೆ. ದೂರಿನಲ್ಲಿ ಸಿಟ್ಟಿನ ಮಾತು ಎಷ್ಟೇ ಇರಲಿ, ಆದೇಶದ ಯಾವ ಸಾಲು ಮುರಿದಿದೆ ಅನ್ನುವುದೇ ಮೊದಲ ಪ್ರಶ್ನೆ. ಇದನ್ನು ಹಿಂದಿನ ಇಬ್ಬರೂ ಮಾಡಿರಲಿಲ್ಲ.

ಎರಡನೇ ಕೆಲಸ, ತಮ್ಮನ ಕೈಯಲ್ಲಿದ್ದ ಫೋನ್ ತೋರಿಸಿ, "ಇದರಲ್ಲಿ ಒಂದಕ್ಷರವನ್ನೂ ಅಳಿಸಬೇಡಿ, ಇವತ್ತಿನಿಂದ ಆಕೆಗೆ ಒಂದಕ್ಷರವನ್ನೂ ಕಳಿಸಬೇಡಿ" ಅಂದರು. ಸ್ಟೇಟಸ್‌ನಲ್ಲಿ ಅವಳಿಗೆ ತಾಗುವ ಹಾಗೆ ಏನೂ ಹಾಕಬಾರದು. ಅವಳ ಫೋಟೋಗೆ ಲೈಕ್ ಒತ್ತಬಾರದು. ನಮ್ಮಮ್ಮ "ನಾನು ಒಂದು ಮಾತು ಸೊಸೆ ಹತ್ತಿರ ಮಾತಾಡಿ ನೋಡಲಾ?" ಅಂತ ಕೇಳಿದರು. ಪಾಪ, ಅಮ್ಮನಿಗೆ ಮೊಮ್ಮಗುವಿನ ಚಿಂತೆ. ಮೇಡಂ ಬೇಡವೇ ಬೇಡ ಅಂದರು. ಬೇರೆಯವರ ಮೂಲಕವೂ ಸಂಪರ್ಕಿಸಬಾರದು ಅಂತ ಆದೇಶದಲ್ಲೇ ಇದೆ. ಅವನ ಪರವಾಗಿ ಯಾರೋ ಮಾಡಿದ್ದು ಕೂಡ ಅವನ ತಲೆ ಮೇಲೆ ಬರುತ್ತದೆ. ಇನ್ನೊಂದು ಮಾತು ನನಗೆ ತುಂಬಾ ಹಿಡಿಸಿತು. ಜೀವನಾಂಶವನ್ನು ಬ್ಯಾಂಕಿಗೆ ಹಾಕುವಾಗ ರಿಮಾರ್ಕ್ಸ್ ಅಂತ ಒಂದು ಜಾಗ ಬರುತ್ತದಲ್ಲ, ಅಲ್ಲಿ ತಿಂಗಳ ಹೆಸರು ಬಿಟ್ಟು ಬೇರೇನೂ ಬರೆಯಬೇಡಿ ಅಂದರು. "ಒಂದ್ಸಲ ಮಾತಾಡು" ಅಂತ ಅಲ್ಲಿ ಬರೆದರೂ ಅದು ಸಂಪರ್ಕವೇ. ಇಷ್ಟು ಸಣ್ಣದನ್ನೂ ಮೊದಲೇ ಯೋಚಿಸುವವರು ಬೇಕು ಇಂಥ ಕೇಸಿಗೆ.

ಈಗ ಅವರು ಕಟ್ಟಿದ ಡಿಫೆನ್ಸ್ ಬಗ್ಗೆ. ನಾನು ಕಾನೂನು ಓದಿದವಳಲ್ಲ. ಆದರೆ ಅವರು ಪ್ರತಿಯೊಂದನ್ನೂ ಕೂರಿಸಿ ಬಿಡಿಸಿ ಹೇಳಿದ್ದರಿಂದ ಬರೆಯಲು ಆಗುತ್ತಿದೆ.

ಮೊದಲ ಮೆಸೇಜ್ ಕಥೆ ಬೇರೆ. ಆದೇಶ ಆದಾಗ ತಮ್ಮ ಕೋರ್ಟಿನಲ್ಲಿ ಇರಲಿಲ್ಲ. ಸೆಕ್ಷನ್ 23ರ ಪ್ರಕಾರ ಇನ್ನೊಬ್ಬರ ಮಾತು ಕೇಳದೆಯೂ ಕೋರ್ಟು ಮಧ್ಯಂತರ ಆದೇಶ ಕೊಡಬಹುದು, ಎಕ್ಸ್‌ಪಾರ್ಟಿ ಅನ್ನುವುದು ಇದಕ್ಕೇ. ಅದರಲ್ಲಿ ತಪ್ಪೇನಿಲ್ಲ, ಹೆದರಿ ಓಡಿ ಬಂದವಳನ್ನು ಎರಡು ತಿಂಗಳು ಕಾಯಿಸಲು ಆಗುತ್ತದಾ? ಆದರೆ ಆದೇಶ ಇದೆ ಅಂತಲೇ ಗೊತ್ತಿಲ್ಲದವನು ಅದನ್ನು ಮುರಿದ ಅಂತ ಹೇಗೆ ಹೇಳುವುದು? ಮೇಡಂ ಕೋರ್ಟ್ ಫೈಲಿನ ಆರ್ಡರ್ ಶೀಟ್‌ಗೆ ಮತ್ತು ನೋಟಿಸ್ ಹಿಂತಿರುಗಿ ಬಂದ ಕಾಗದಕ್ಕೆ ಸರ್ಟಿಫೈಡ್ ಕಾಪಿ ಅರ್ಜಿ ಹಾಕಿದರು. ಬಂದ ಕಾಗದದ ಹಿಂಭಾಗದಲ್ಲಿ "ಬಾಗಿಲಿಗೆ ಬೀಗ ಹಾಕಿದೆ" ಅಂತ ಷರಾ ಇತ್ತು. ಅದು ಹಳೇ ಬಾಡಿಗೆ ಮನೆ. ತಮ್ಮ ಅಷ್ಟರಲ್ಲಿ ಅಮ್ಮನ ಮನೆಗೆ ಬಂದಿದ್ದ. ಆದೇಶದ ಕಾಪಿಗೆ ಅವನು ಸ್ಟೇಷನ್‌ನಲ್ಲಿ ಸಹಿ ಹಾಕಿದ ತಾರೀಖು ಮೊದಲ ಮೆಸೇಜ್ ಆದ ಮೇಲಿನದು. ಇಡೀ ಕೇಸಿನಲ್ಲಿ ನಮಗೆ ಗಟ್ಟಿಯಾಗಿ ಸಿಕ್ಕಿದ್ದು ಆ ಒಂದು ಷರಾ.

ಆದರೂ ಮೇಡಂ ಇದರ ಮೇಲೆ ಜಾಸ್ತಿ ಭರವಸೆ ಕೊಡಲಿಲ್ಲ. "ಕಾಗದ ಕೈಗೆ ಬಂದಿರಲಿಲ್ಲ ಸರಿ, ಆದರೆ ಬಾಯಿ ಮಾತಿನಲ್ಲಿ ಯಾರಾದರೂ ಹೇಳಿದ್ದರಾ? ಮಾವ ಫೋನ್ ಮಾಡಿದ್ದರಾ? ಆಕೆಯೇ ಹೇಳಿದ್ದಾರಾ?" ಅಂತ ತಮ್ಮನನ್ನು ತಿರುಗಿಸಿ ತಿರುಗಿಸಿ ಕೇಳಿದರು. ವಿಷಯ ಬೇರೆ ದಾರಿಯಲ್ಲಿ ಗೊತ್ತಿತ್ತು ಅಂತ ಎದುರು ಕಡೆಯವರು ತೋರಿಸಿಬಿಟ್ಟರೆ ಈ ವಾದ ನಿಲ್ಲುವುದಿಲ್ಲ. ನೋಟಿಸ್ ತಲುಪಿಸಿದ್ದೇವೆ ಅಂತ ಸಂರಕ್ಷಣಾಧಿಕಾರಿ (ಈ ಕಾಯ್ದೆಯ ಕೆಲಸಕ್ಕೆ ಸರ್ಕಾರ ನೇಮಿಸಿದ ಅಧಿಕಾರಿ) ಬರೆದು ಕೊಟ್ಟರೆ, ಅದು ತಪ್ಪು ಅಂತ ತೋರಿಸುವವರೆಗೆ ಕಾಯ್ದೆಯೇ ಅದನ್ನು ಸಾಕ್ಷ್ಯ ಅಂತ ಒಪ್ಪುತ್ತದೆ. ನಮ್ಮ ಕಡೆ ಆ ಅಧಿಕಾರಿ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ). ಅಂದರೆ ನೋಟಿಸನ್ನು ಬೇಕಂತಲೇ ತಗೊಳ್ಳದೆ ಓಡಾಡಿದರೆ ಬಚಾವಾಗಬಹುದು ಅಂತ ಯಾರಾದರೂ ಅಂದುಕೊಂಡಿದ್ದರೆ ಅದನ್ನು ಬಿಟ್ಟುಬಿಡಿ.

ಎರಡನೇ ಮೆಸೇಜ್ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು, ಯಾಕೆಂದರೆ ಎಲ್ಲ ಮನೆಯಲ್ಲೂ ಇದೇ ಗೊಂದಲ. ಕಾಪಿ ಕೈಗೆ ಬಂದ ಮೇಲೆ ಒಂದು ರಾತ್ರಿ ಅವಳೇ ಮೆಸೇಜ್ ಮಾಡಿದ್ದಳು, ಮಗುವಿಗೆ ಜ್ವರ, ಹಳೇ ಡಾಕ್ಟರ ಚೀಟಿ ಎಲ್ಲಿದೆ ಅಂತ. ತಮ್ಮ ಚೀಟಿಯ ಫೋಟೋ ಕಳಿಸಿದ. ಬೆಳಗ್ಗೆ "ಜ್ವರ ಕಡಿಮೆ ಆಯ್ತಾ? ಒಂದು ಸಲ ಬಂದು ನೋಡಿಕೊಂಡು ಹೋಗ್ಲಾ?" ಅಂತ ಹಾಕಿದ. ಮನೆಯಲ್ಲಿ ನಮಗೆಲ್ಲ ಇದು ಅಪ್ಪನಾದವನು ಕೇಳುವ ಮಾತು ಅಂತಲೇ ಅನ್ನಿಸಿತ್ತು. ಆನ್‌ಲೈನ್ ವಕೀಲರು ಏನೂ ಆಗಲ್ಲ ಅಂದಿದ್ದೂ ಇದಕ್ಕೇ. ಮೇಡಂ ಹೇಳಿದ್ದು ಬೇರೆ. ಆದೇಶ ಕಟ್ಟಿಹಾಕಿರುವುದು ಅವನನ್ನು, ಅವಳನ್ನಲ್ಲ. ಅವಳು ಮೆಸೇಜ್ ಮಾಡಿದರೆ ಅವಳು ಆದೇಶ ಮುರಿದ ಹಾಗೆ ಆಗುವುದಿಲ್ಲ, ಅವನಿಗೆ ಉತ್ತರ ಕೊಡಲು ಅನುಮತಿ ಸಿಕ್ಕ ಹಾಗೂ ಆಗುವುದಿಲ್ಲ. ಇಬ್ಬರೂ ರಾಜಿಯಾಗಿ ಒಂದೇ ಮನೆಯಲ್ಲಿ ಇರಲು ಶುರು ಮಾಡಿದರೂ ಕಾಗದದ ಮೇಲೆ ಆದೇಶ ಹಾಗೇ ಇರುತ್ತದೆ. ಅದನ್ನು ತೆಗೆಯಬೇಕಾದವರು ಕೋರ್ಟು. ಎಷ್ಟೋ ಜನ ರಾಜಿ ಆಯ್ತು ಅಂತ ಸುಮ್ನೆ ಇದ್ದುಬಿಡುತ್ತಾರಂತೆ, ಆರು ತಿಂಗಳ ಮೇಲೆ ಮತ್ತೆ ಜಗಳ ಆದಾಗ ಹಳೇ ಆದೇಶ ಎದ್ದು ಕೂರುತ್ತದೆ.

ಹಾಗಾದರೆ ಅವಳು ಮೊದಲು ಬರೆದದ್ದಕ್ಕೆ ಬೆಲೆಯೇ ಇಲ್ಲವಾ? ಇದೆ, ಆದರೆ ಬೇರೆ ಜಾಗದಲ್ಲಿ. ಹೆದರಿಸಲು, ಹಿಂಸೆ ಕೊಡಲು ಬರೆದದ್ದಲ್ಲ ಅಂತ ತೋರಿಸಲು, ಜಾಮೀನು ಕೇಳುವಾಗ, ಕೊನೆಗೆ ಶಿಕ್ಷೆಯ ಮಾತು ಬಂದರೆ ಆಗ, ಇಡೀ ಮಾತುಕತೆಯನ್ನು ಕೋರ್ಟಿನ ಮುಂದೆ ಇಡಬಹುದು. ಅವರು ತಮ್ಮನಿಗೆ ನೇರವಾಗಿ ಹೇಳಿದ ಮಾತು: "ಈ ಮೆಸೇಜ್ ನಾನು ಕಳಿಸಿಲ್ಲ ಅಂತ ನಾವು ಹೇಳುವುದಿಲ್ಲ. ಕಳಿಸಿದ್ದೀರಿ. ಯಾಕೆ ಕಳಿಸಿದಿರಿ ಅಂತ ಹೇಳೋಣ." ತಮ್ಮನ ಮುಖ ಸಪ್ಪೆಯಾಯಿತು. ನನಗೆ ಮಾತ್ರ ಈ ವಕೀಲರ ಮೇಲೆ ಪೂರ್ತಿ ನಂಬಿಕೆ ಬಂದದ್ದು ಆಗಲೇ. ಇಲ್ಲದ್ದನ್ನು ಹೇಳಿ ಕೊಟ್ಟಿದ್ದರೆ ಇರುವ ಒಳ್ಳೆ ಅಂಶಗಳೂ ಹಾಳಾಗುತ್ತಿದ್ದವು.

ಮಗುವಿನ ವಿಷಯ ಮಾತಾಡಲೇಬೇಕಲ್ಲ, ಅದಕ್ಕೇನು ದಾರಿ ಅಂತ ಕೇಳಿದೆವು. ದಾರಿ ಇದೆ. ಪರಿಸ್ಥಿತಿ ಬದಲಾಗಿದ್ದರೆ ಆದೇಶ ತಿದ್ದಿ ಅಂತ ಸೆಕ್ಷನ್ 25ರ ಎರಡನೇ ಉಪವಿಧಿಯಲ್ಲಿ ಇಬ್ಬರಲ್ಲಿ ಯಾರು ಬೇಕಾದರೂ ಕೇಳಬಹುದು. ಮಗುವನ್ನು ನೋಡಲು ಅವಕಾಶ ಕೇಳುವುದಕ್ಕೆ ಸೆಕ್ಷನ್ 21 ಇದೆ. ಮೇಡಂ ಅರ್ಜಿ ಹಾಕಿ, ಮಗುವಿನ ಆರೋಗ್ಯ ಮತ್ತು ಶಾಲೆ ವಿಷಯ ಮಾತ್ರ ಒಂದು ಇಮೇಲ್ ಮೂಲಕ ತಿಳಿಸಬಹುದು ಅಂತ ಆದೇಶ ಮಾಡಿಸಿದರು. ಅವಳ ಕಡೆಯ ವಕೀಲರೂ ಅಡ್ಡಿ ಮಾಡಲಿಲ್ಲ. ಹೀಗೆ ತಿದ್ದಿದ ಆದೇಶ ಮುಂದಕ್ಕೆ ಮಾತ್ರ ಅನ್ವಯ, ಹಿಂದೆ ಆದದ್ದನ್ನು ಅಳಿಸುವುದಿಲ್ಲ. ಹಿಂದಿನದಕ್ಕೂ ಅನ್ವಯಿಸುವ ಹಾಗೆ ಆದೇಶ ರದ್ದು ಮಾಡಲು ಈ ಸೆಕ್ಷನ್ ಬಳಸುವಂತಿಲ್ಲ ಅಂತ 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಅದೂ ಕರ್ನಾಟಕದಿಂದ ಹೋದ ಕೇಸಿನಲ್ಲಿ. ಆದೇಶವೇ ಸರಿಯಿಲ್ಲ ಅನ್ನಿಸಿದರೆ ಸೆಷನ್ಸ್ ಕೋರ್ಟಿಗೆ 30 ದಿನದೊಳಗೆ ಅಪೀಲು ಹೋಗಬೇಕು. ಅಪೀಲು ಹಾಕಿದ ಮಾತ್ರಕ್ಕೆ ಆದೇಶ ನಿಲ್ಲುವುದಿಲ್ಲ, ತಡೆ ಸಿಕ್ಕರೆ ಮಾತ್ರ. "ಆದೇಶವೇ ತಪ್ಪಿತ್ತು, ಅದಕ್ಕೇ ಪಾಲಿಸಲಿಲ್ಲ" ಅನ್ನುವುದು ಡಿಫೆನ್ಸ್ ಅಲ್ಲ.

ಆಫೀಸ್ ಗೇಟಿನ ಆರೋಪವನ್ನು ತಮ್ಮ ಪೂರ್ತಿ ಅಲ್ಲಗಳೆದಿದ್ದ. ಆ ಸಂಜೆ ಅವನಿಗೆ ಫ್ಯಾಕ್ಟರಿಯಲ್ಲಿ ಸೆಕೆಂಡ್ ಶಿಫ್ಟ್. ತಮ್ಮ ಇದನ್ನು ಹೇಳಿದ ದಿನವೇ ಮೇಡಂ ಫ್ಯಾಕ್ಟರಿಯ ಎಚ್‌ಆರ್‌ಗೆ ಪತ್ರ ಬರೆದರು: ಬೆರಳು ಒತ್ತುವ ಪಂಚಿಂಗ್ ದಾಖಲೆ ಕೊಡಿ, ಗೇಟ್ ಸಿಸಿಟಿವಿ ದೃಶ್ಯ ಅಳಿಸಿ ಹೋಗದಂತೆ ಎತ್ತಿಡಿ. ಸಿಸಿಟಿವಿ ಬಗ್ಗೆ ಎಲ್ಲರೂ ನೆನಪಿಡಿ. ಹಳೇದರ ಮೇಲೆ ಹೊಸದು ರೆಕಾರ್ಡ್ ಆಗುತ್ತಾ ಹೋಗುತ್ತದೆ, ನೀವು ತಿಂಗಳು ಬಿಟ್ಟು ಕೇಳಿದರೆ ಅಲ್ಲಿ ಇರುವುದೇ ಇಲ್ಲ. ನಮಗೆ ಒಳಗೆ ಹೋದ ದೃಶ್ಯವೂ ಹೊರಗೆ ಬಂದ ದೃಶ್ಯವೂ ಸಿಕ್ಕಿತು.

ಇಲ್ಲಿ ಮೇಡಂ ನಡೆದುಕೊಂಡ ರೀತಿ ಬರೆಯಲೇಬೇಕು. ಅವಳು ಸುಳ್ಳುಗಾತಿ ಅಂತ ಎಲ್ಲೂ ಬರೆಯಲಿಲ್ಲ. ಅವಳು ಹೆದರಿದ್ದಾಳೆ, ಹೊತ್ತು ಮುಳುಗಿತ್ತು, ಗೇಟಿನಲ್ಲಿ ಯಾರೋ ಕೂಗಾಡಿರುವುದು ನಿಜವೇ ಇರಬಹುದು, ಆ ಯಾರೋ ತಮ್ಮ ಅಲ್ಲ. ಅಷ್ಟೇ ಅವರ ವಾದ. ಪಾಟಿ ಸವಾಲಿನಲ್ಲೂ ಹಾಗೇ ಕೇಳಿದರಂತೆ: ನೀವು ಎಷ್ಟು ದೂರದಲ್ಲಿ ಇದ್ದಿರಿ, ಲೈಟ್ ಎಲ್ಲಿತ್ತು, ಮುಖ ಕಂಡಿತಾ, ದನಿ ಕೇಳಿತಾ. ಅವಳ ನಡತೆ, ತವರು ಮನೆ, ಸಂಬಳ ಯಾವುದರ ಬಗ್ಗೆಯೂ ಒಂದು ಪ್ರಶ್ನೆ ಇಲ್ಲ. ಹೆಂಗಸಿನ ಒಬ್ಬಳದೇ ಸಾಕ್ಷಿ ಸಾಕು ಅಂತ ಕಾಯ್ದೆ ಹೇಳಿದರೂ ಆ ಸಾಕ್ಷಿ ನಂಬುವ ಹಾಗೆ ಇರಬೇಕು. ಸೆಕ್ಷನ್ 31ರ ಆರೋಪವನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕಾದ್ದು ಪ್ರಾಸಿಕ್ಯೂಷನ್. ಮಧ್ಯಂತರ ಆದೇಶ ಕೊಡಲು ಮೇಲ್ನೋಟಕ್ಕೆ ಕಂಡರೆ ಸಾಕು, ಶಿಕ್ಷೆ ಕೊಡಲು ಸಾಲದು. ಆ ವ್ಯತ್ಯಾಸದಲ್ಲೇ ಡಿಫೆನ್ಸ್ ಇರುವುದು, ಅದಕ್ಕೆ ಯಾರ ಮಾನ ತೆಗೆಯುವ ಅಗತ್ಯವೂ ಇಲ್ಲ.

ಜೀವನಾಂಶ ಕಟ್ಟದಿರುವುದು ಸೆಕ್ಷನ್ 31 ಆಗುತ್ತದಾ ಅನ್ನುವುದು ಕಾನೂನಿನ ಪ್ರಶ್ನೆ. ರಕ್ಷಣಾ ಆದೇಶ ಸೆಕ್ಷನ್ 18ರದ್ದು, ಹಣದ ಆದೇಶ ಸೆಕ್ಷನ್ 20ರದ್ದು, 31ರಲ್ಲಿ ಇರುವುದು ರಕ್ಷಣಾ ಆದೇಶದ ಮಾತು ಮಾತ್ರ ಅಂತ ಹಲವು ಹೈಕೋರ್ಟ್‌ಗಳು ಹೇಳಿವೆ, ಬೇರೆ ಅಭಿಪ್ರಾಯದ ತೀರ್ಪುಗಳೂ ಇವೆ. ಮೇಡಂ ಈ ವಾದವನ್ನು ಬರೆದರು. ಆದರೆ ತಮ್ಮನಿಗೆ ಗದರಿದರು ಕೂಡ. "ವಾದ ನನಗೆ ಬಿಡಿ, ದುಡ್ಡು ನೀವು ಕಟ್ಟಿ." ಬಾಕಿ ವಸೂಲಿಗೆ ಕೋರ್ಟು ವಾರಂಟ್ ಹೊರಡಿಸಬಹುದು, ಕಂಪನಿಗೇ ಹೇಳಿ ಸಂಬಳದಿಂದ ನೇರವಾಗಿ ಅವಳಿಗೆ ಕೊಡಿಸಬಹುದು. ಮಗುವಿನ ಹಾಲಿನ ದುಡ್ಡು ತಡೆದಿಟ್ಟುಕೊಂಡು ಕೋರ್ಟಿನ ಮುಂದೆ ಒಳ್ಳೆಯವನು ಅಂತ ನಿಲ್ಲಲು ಆಗುತ್ತದಾ? ತಮ್ಮ ಬಾಕಿ ಪೂರ್ತಿ ಕಟ್ಟಿದ. ಆ ರಸೀದಿಗಳೇ ಜಾಮೀನು ಅರ್ಜಿಗೆ ಸೇರಿದವು.

ಜಾಮೀನು ಹೇಗಾಯಿತು ಅಂದರೆ, ಶಿಕ್ಷೆ ಏಳು ವರ್ಷದವರೆಗೆ ಇರುವ ಅಪರಾಧಗಳಲ್ಲಿ ಪೊಲೀಸರು ಕಾರಣ ಬರೆಯದೆ ಸುಮ್ನೆ ಬಂಧಿಸಬಾರದು ಅಂತ ಸುಪ್ರೀಂ ಕೋರ್ಟಿನ 2014ರ ಅರ್ನೇಶ್ ಕುಮಾರ್ ತೀರ್ಪು ಇದೆ. 2024ರ ಜುಲೈ 1ರಿಂದ ಬಂದ ಹೊಸ ಕ್ರಿಮಿನಲ್ ಪ್ರಕ್ರಿಯೆಯ ಕಾನೂನು ಬಿಎನ್‌ಎಸ್‌ಎಸ್‌ನ ಸೆಕ್ಷನ್ 35ರ ನೋಟಿಸ್ ಕೊಟ್ಟು ಪೊಲೀಸರು ತಮ್ಮನನ್ನು ಕರೆದರು. ಮೇಡಂ ಅವರ ಜೂನಿಯರ್ ಜೊತೆಗೆ ಹೋಗಿ ಅವನು ಹಾಜರಾದ. ಆದರೂ ಧೈರ್ಯಕ್ಕೆ ಅಂತ ಮೇಡಂ ಸೆಷನ್ಸ್ ಕೋರ್ಟಿನಲ್ಲಿ ನಿರೀಕ್ಷಣಾ ಜಾಮೀನಿಗೆ, ಅಂದರೆ ಬಂಧನಕ್ಕೆ ಮುಂಚೆಯೇ ಕೇಳುವ ಜಾಮೀನಿಗೆ ಅರ್ಜಿ ಹಾಕಿದರು, ಸಿಕ್ಕಿತು. ಜಾಮೀನಿನ ಷರತ್ತಿನಲ್ಲೂ ಅವಳನ್ನು ಸಂಪರ್ಕಿಸಬಾರದು ಅಂತ ಬಂತು. ಈಗ ಅವನ ಮೇಲೆ ಎರಡು ಕಟ್ಟು: ಒಂದು ಆದೇಶ, ಇನ್ನೊಂದು ಜಾಮೀನು ಷರತ್ತು. ಇನ್ನೊಂದು ಮೆಸೇಜ್ ಹೋದರೆ ಜಾಮೀನೂ ಹೋಗುತ್ತದೆ. ಜೂನಿಯರ್ ಹುಡುಗ ಆ ಎರಡನ್ನೂ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಕೊಟ್ಟ. ತಮ್ಮ ಅದನ್ನು ಪರ್ಸ್‌ನಲ್ಲಿ ಇಟ್ಟುಕೊಂಡಿದ್ದಾನೆ.

ವಾಟ್ಸಾಪ್ ಸಾಕ್ಷ್ಯದ ಬಗ್ಗೆ ಒಂದಿಷ್ಟು. ದೂರಿನ ಜೊತೆ ಸ್ಕ್ರೀನ್‌ಶಾಟ್ ಪ್ರಿಂಟ್ ಇತ್ತು. ಎಲೆಕ್ಟ್ರಾನಿಕ್ ದಾಖಲೆಯ ಪ್ರಿಂಟ್ ಕೊಟ್ಟರೆ, ಅದನ್ನು ಯಾವ ಸಾಧನದಿಂದ ಹೇಗೆ ತೆಗೆದದ್ದು ಅಂತ ಹೇಳುವ ಸರ್ಟಿಫಿಕೇಟ್ ಜೊತೆಗೆ ಇರಬೇಕು. ಹಳೇ ಸಾಕ್ಷ್ಯ ಕಾಯ್ದೆಯ ಸೆಕ್ಷನ್ ನಂಬರಿನಿಂದ ಹಿಂದೆ 65ಬಿ ಅನ್ನುತ್ತಿದ್ದರು, ಈಗ ಹೊಸ ಸಾಕ್ಷ್ಯ ಕಾನೂನಿನ ಸೆಕ್ಷನ್ 63. ಅದು ಕಡ್ಡಾಯ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ. ಮೇಡಂ ಆಕ್ಷೇಪಣೆ ದಾಖಲಿಸಿದರು. ಆದರೆ "ಸರ್ಟಿಫಿಕೇಟ್ ಅವರು ಆಮೇಲೆ ಕೊಡಬಹುದು, ಇದನ್ನೇ ನೆಚ್ಚಿಕೊಂಡು ಕೂರಬೇಡಿ" ಅಂತಲೂ ಅಂದರು. ನಮ್ಮ ಕಡೆಯಿಂದ ಪೂರ್ತಿ ಚಾಟ್ ತೆಗೆದು ಸರ್ಟಿಫಿಕೇಟ್ ಸಮೇತ ಕೊಟ್ಟರು. ಅರ್ಧ ಮಾತು ಮಾತ್ರ ಕೋರ್ಟಿಗೆ ಹೋಗಬಾರದಲ್ಲ.

ನಮಗೆ ಬೇಕಾಗದ, ಆದರೆ ಕೆಲವರಿಗೆ ಉಪಯೋಗಕ್ಕೆ ಬರಬಹುದಾದ ಒಂದು ಅಂಶ: ಒಂದು ವರ್ಷ ಶಿಕ್ಷೆಯ ಅಪರಾಧಕ್ಕೆ ದೂರು ಕೊಡಲು ಇರುವ ಕಾಲಮಿತಿಯೂ ಒಂದು ವರ್ಷ. ಡಿವಿ ಅರ್ಜಿ ಹಾಕಲು ಈ ಮಿತಿ ಇಲ್ಲ, ಆದೇಶ ಮುರಿದ ಅಪರಾಧಕ್ಕೆ ಇದೆ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತಾರೀಖುಗಳನ್ನು ನೋಡುವ ವಕೀಲರಾದರೆ ಇದನ್ನು ತಪ್ಪದೇ ಗಮನಿಸುತ್ತಾರೆ.

ಈಗ ಕಡಿಮೆ ಮಾಡಿದ ಒಂದು ಸ್ಟಾರ್. ಮೇಡಂ ಫೋನ್ ತೆಗೆಯುವುದಿಲ್ಲ. ಸಂಜೆ ಏಳರ ಮೇಲೆ ಮೆಸೇಜ್ ಹಾಕಿದರೆ ಮರುದಿನ ಉತ್ತರ. ಬಂಧನ ಆಗಬಹುದು ಅನ್ನುವ ಭಯದಲ್ಲಿ ಇರುವ ಮನೆಗೆ ಆ ಒಂದು ರಾತ್ರಿ ತುಂಬಾ ಉದ್ದ. ಒಂದು ಡೇಟಿಗೆ ಹೊಸ ಜೂನಿಯರ್ ಫೈಲ್ ಇಲ್ಲದೆ ಬಂದಿದ್ದಳು, ಆ ದಿನ ಏನೂ ನಡೆಯದೆ ಮುಂದಕ್ಕೆ ಹೋಯಿತು, ತಮ್ಮನ ಒಂದು ದಿನದ ಸಂಬಳವೂ ಹೋಯಿತು. ಅರ್ಜಿಗಳೆಲ್ಲ ಇಂಗ್ಲಿಷಿನಲ್ಲಿ. ಓದಿ ಹೇಳಿ ಅಂತ ನಾವೇ ಕೇಳಬೇಕಾಯಿತು, ಕೇಳಿದ ಮೇಲೆ ತಾಳ್ಮೆಯಿಂದ ಹೇಳಿದರು, ಅದು ಬೇರೆ ಮಾತು. ಸಹಿ ಹಾಕುವವನಿಗೆ ತಾನು ಏನಕ್ಕೆ ಸಹಿ ಹಾಕುತ್ತಿದ್ದೇನೆ ಅಂತ ಕೇಳದೆಯೇ ತಿಳಿಸಬೇಕು. ರಸೀದಿಯೂ ಕೇಳಿದಾಗ ಮಾತ್ರ ಸಿಕ್ಕಿದ್ದು.

ಫೀಸು ಹಂತ ಹಂತವಾಗಿ. ನಿರೀಕ್ಷಣಾ ಜಾಮೀನಿಗೆ 25,000 ರೂಪಾಯಿ, ಆದೇಶ ತಿದ್ದುವ ಅರ್ಜಿಗೆ 8,000. ವಿಚಾರಣೆಗೆ ಬೇರೆ, ಅದನ್ನು ಮೂರು ಕಂತಿನಲ್ಲಿ ಕೊಡುತ್ತಿದ್ದೇವೆ. ಕಾಪಿ ಅರ್ಜಿ, ಟೈಪಿಂಗ್, ನೋಟರಿ ಖರ್ಚು ನಮ್ಮದೇ. ಮೊದಲ ದಿನವೇ ಇದನ್ನೆಲ್ಲ ಬರೆದು ಕೊಟ್ಟಿದ್ದರು, ಆಮೇಲೆ ಒಂದು ರೂಪಾಯಿ ಜಾಸ್ತಿ ಕೇಳಿಲ್ಲ. ಗೆಲ್ಲಿಸಿ ಕೊಡುತ್ತೇನೆ ಅಂತಲೂ ಹೇಳಿಲ್ಲ. ಡಿವಿ ಕೇಸಿನ ಆದೇಶದ ಕಾಪಿಯನ್ನು ಇಬ್ಬರಿಗೂ ಕೋರ್ಟು ಉಚಿತವಾಗಿ ಕೊಡಬೇಕು ಅಂತ ಸೆಕ್ಷನ್ 24ರಲ್ಲೇ ಇದೆ, ಅದಕ್ಕೆ ಯಾರಾದರೂ ದುಡ್ಡು ಕೇಳಿದರೆ ಪ್ರಶ್ನೆ ಮಾಡಿ.

ಹೆಂಡತಿಗೆ ಬುದ್ಧಿ ಕಲಿಸಬೇಕು, ಅವಳ ಮನೆಯವರನ್ನೆಲ್ಲ ಕೋರ್ಟಿಗೆ ಎಳೆಯಬೇಕು ಅಂತ ಹೋಗುವವರಿಗೆ ಈ ತರದ ವಕೀಲರು ಹಿಡಿಸುವುದಿಲ್ಲ. ಅವಳ ಮೇಲೆ ನಾವೂ ತಿರುಗಿ ಕೇಸ್ ಹಾಕೋಣ ಅಂತ ನಮ್ಮ ಚಿಕ್ಕಪ್ಪ ಒಂದು ಸಲ ಬಂದು ಒತ್ತಾಯ ಮಾಡಿದಾಗ, ಹಾಗಿದ್ದರೆ ಫೈಲ್ ವಾಪಸ್ ತಗೊಂಡು ಹೋಗಿ ಅಂದರು. ಆ ಆದೇಶ ಸುಮ್ಮನೆ ಬಂದದ್ದಲ್ಲ, ಅವಳ ಅರ್ಜಿಯಲ್ಲಿ ಬರೆದದ್ದನ್ನು ನಾನು ಓದಿದ್ದೇನೆ, ಕೆಲವು ಸಾಲು ಓದಿ ಒಬ್ಬ ಹೆಂಗಸಾಗಿ ನನಗೆ ನಿದ್ದೆ ಬಂದಿಲ್ಲ. ತಮ್ಮನಿಗೆ ನ್ಯಾಯವಾದ ವಿಚಾರಣೆ ಸಿಗಬೇಕು, ಮಾಡದ ತಪ್ಪಿಗೆ ಅವನು ಜೈಲಿಗೆ ಹೋಗಬಾರದು. ಅವಳು ಆಫೀಸಿನಿಂದ ಹೊರಗೆ ಬರುವಾಗ ಗೇಟಿನ ಕಡೆ ನೋಡಿ ಹೆದರುವ ಹಾಗೂ ಇರಬಾರದು. ಈ ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿ ಇಟ್ಟುಕೊಂಡು ಕೆಲಸ ಮಾಡುವ ವಕೀಲರು ನಮಗೆ ಸಿಕ್ಕಿದರು.

ದುಡ್ಡು ಕೊಡಲು ಆಗದವರು ಜಿಲ್ಲಾ ಕೋರ್ಟ್ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಕೇಳಿ. ಆದಾಯ ಕಡಿಮೆ ಇರುವವರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕಸ್ಟಡಿಯಲ್ಲಿ ಇರುವವರಿಗೆ ಆರೋಪಿಯಾಗಿದ್ದರೂ ಉಚಿತ ವಕೀಲರು ಸಿಗುತ್ತಾರೆ. ಹೆಂಗಸರಿಗೆ ಆದಾಯದ ಮಿತಿಯೇ ಇಲ್ಲ. ಫೋನ್ ನಂಬರ್ 15100. ಆದೇಶ ಇದ್ದೂ ತೊಂದರೆ ಅನುಭವಿಸುತ್ತಿರುವ ಹೆಂಗಸರು ಇದನ್ನು ಓದುತ್ತಿದ್ದರೆ 181ಕ್ಕೆ ಫೋನ್ ಮಾಡಿ, ಇಲ್ಲವೇ ನೇರವಾಗಿ ಸ್ಟೇಷನ್‌ಗೋ ಸಂರಕ್ಷಣಾಧಿಕಾರಿಗೋ ಬರೆದು ಕೊಡಿ.

ನಮ್ಮ ಕೇಸಿನಲ್ಲಿ ಅವಳ ಪಾಟಿ ಸವಾಲು ಮುಗಿದಿದೆ. ಇನ್ನು ಫ್ಯಾಕ್ಟರಿಯವರು ಪಂಚಿಂಗ್ ದಾಖಲೆ ಸಮೇತ ಬಂದು ಸಾಕ್ಷಿ ಹೇಳಬೇಕು. ಮೊದಲ ಮೆಸೇಜ್ ಮತ್ತು ಗೇಟಿನ ಆರೋಪ ಬಿದ್ದು ಹೋಗಬಹುದು, ಎರಡನೇ ಮೆಸೇಜಿಗೆ ದಂಡ ಬೀಳಬಹುದು ಅಂತ ಮೇಡಂ ಮೊದಲೇ ಹೇಳಿದ್ದಾರೆ. ತೀರ್ಪು ಬಂದ ಮೇಲೆ ಏನಾಯಿತು ಅಂತ ಇಲ್ಲೇ ಸೇರಿಸುತ್ತೇನೆ.